ಆರನೇ ಮಹಡಿಗೆ ಹೋದ ಗಾಳಿ

ನಮ್ಮ ಭಾವನಿಗೆ ಯಾವುದಕ್ಕೂ ಕೊರತೆ ಇರಲಿಲ್ಲ, ಕೂದಲೊಂದರ ಅಭಾವ ಬಿಟ್ಟರೆ. ಎಡಗಿವಿಯ ಮೇಲೆ ಉಳಿದಿದ್ದ ಹದಿನೈದಿಪ್ಪತ್ತು ಎಳೆಗಳನ್ನು ಉದ್ದ ಬೆಳೆಸಿ, ಬೋಳಿನ ಮೇಲೆ ಹಾಯಿಸಿ, ಬಲಗಿವಿಯ ಹತ್ತಿರ ಎಣ್ಣೆಯಿಂದ ಅಂಟಿಸಿ ಕಚೇರಿಗೆ ಹೊರಡುತ್ತಿದ್ದರು. ಈ ಕಾಮಗಾರಿಗೆ ದಿನಕ್ಕೆ ಹತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವರನ್ನು ಮಾತಾಡಿಸುವ ಹಾಗಿರಲಿಲ್ಲ.

ಒಂದು ದಿನ ಅವರು ಕೆಲಸ ಮಾಡುವ ಹವಾಮಾನ ಕಚೇರಿಯನ್ನು ನೋಡಲು ಶಾಲೆಯ ಮಕ್ಕಳು ಬಂದರು. ಮಕ್ಕಳನ್ನು ತಾರಸಿಗೆ ಕರೆದುಕೊಂಡು ಹೋಗಿ ಗಾಳಿಯ ಬಗ್ಗೆ ನಾಲ್ಕು ಮಾತು ಹೇಳುವ ಕೆಲಸ ಭಾವನ ಪಾಲಿಗೆ ಬಂತು. ಭಾವ ಕೈ ಚಾಚಿ, "ನೋಡಿ ಮಕ್ಕಳೇ, ಈಗ ಗಾಳಿ ಪಶ್ಚಿಮದಿಂದ ಬೀಸ್ತಾ ಇದೆ" ಅಂದರು. ಬೆಳಿಗ್ಗೆ ನಕ್ಷೆಯಲ್ಲಿ ಹಾಗೇ ಇತ್ತು. ಅಷ್ಟು ಹೇಳುವುದೇ ತಡ, ಅಂಟಿಸಿದ್ದ ಕೂದಲೆಲ್ಲ ಒಟ್ಟಿಗೆ ಕಿತ್ತುಕೊಂಡು, ಬಾವುಟದ ಹಾಗೆ ಮೇಲೆದ್ದು, ಪಶ್ಚಿಮದ ಕಡೆಗೇ ಪಟಪಟ ಹಾರತೊಡಗಿತು.

"ಸಾರ್, ನಿಮ್ಮ ಕೂದಲು ಪೂರ್ವದಿಂದ ಅಂತಿದೆ!" ಎಂದಳು ಮುಂದಿನ ಸಾಲಿನ ಹುಡುಗಿ. ಟೀಚರ್ ನಗು ತಡೆಯಲಾರದೆ ಫೋಟೋ ತೆಗೆದರು. ಸಂಜೆಯೊಳಗೆ ಅದು ಊರೆಲ್ಲ ಸುತ್ತಿ ನಮ್ಮ ಅಕ್ಕನ ಫೋನಿಗೂ ಬಂತು.

"ಅದು ಕಟ್ಟಡಕ್ಕೆ ಬಡಿದು ವಾಪಸ್ ತಿರುಗಿದ ಗಾಳಿ ಕಣೆ. ಅದನ್ನ ಗಾಳಿ ಅಂತ ಲೆಕ್ಕಕ್ಕೇ ಹಿಡಿಯೋಲ್ಲ ನಾವು" ಎಂದು ಭಾವ ಸಮರ್ಥಿಸಿಕೊಂಡರು.

"ಬಿಡಿ, ಅದನ್ನ ಕೂದಲು ಅಂತ ನಾನೂ ಲೆಕ್ಕಕ್ಕೆ ಹಿಡಿದಿಲ್ಲ" ಎಂದಳು ಅಕ್ಕ.

ಅಂದಿನಿಂದ ನೆಂಟರಿಷ್ಟರ ನಡುವೆ ಅವರಿಗೆ 'ಗಾಳಿ ಭಾವ' ಎಂಬ ಹೆಸರು ಗಟ್ಟಿಯಾಯಿತು. ಅವರು ಮಾಡುತ್ತಿದ್ದ ಕೆಲಸ ಏನೆಂದು ನಮಗೆ ಯಾರಿಗೂ ಗೊತ್ತಿಲ್ಲದ್ದರಿಂದ ಆ ಹೆಸರು ಸುಲಭವಾಗಿ ಅಂಟಿಕೊಂಡಿತು. ನನಗೆ ಗೊತ್ತಾಗಿದ್ದೂ ಎಲ್ಲ ಮುಗಿದ ಮೇಲೆಯೇ.

ಕಚೇರಿಯ ಹಿಂಭಾಗದಲ್ಲಿ ಅವರದೊಂದು ಕೋಣೆ. ಎರಡು ಪರದೆ, ಒಂದು ಚಕ್ರ ಕಳೆದುಕೊಂಡು ಯಾವಾಗಲೂ ಎಡಕ್ಕೆ ವಾಲುವ ಕುರ್ಚಿ, ಮೊಳೆ ಹೊಡೆದು ಮುಚ್ಚಿದ ಕಿಟಕಿ. ಕಿಟಕಿ ತೆಗೆದರೆ ಧೂಳು ಬಂದು ಯಂತ್ರ ಹಾಳಾಗುತ್ತದಂತೆ. ಹೊರಗಿನ ಗಾಳಿ ಒಂದಿಷ್ಟೂ ಸುಳಿಯದ ಆ ಗೂಡಿನಲ್ಲಿ ಭಾವ ಇಪ್ಪತ್ತಾರು ವರ್ಷ ಕೂತು ಇಡೀ ಸಮುದ್ರದ ಗಾಳಿಯನ್ನು ನೋಡಿಕೊಂಡರು.

ಉಪಗ್ರಹ ಹದಿನೈದು ನಿಮಿಷಕ್ಕೊಂದು ಫೋಟೋ ಕಳಿಸುತ್ತದೆ. ಫೋಟೋದಲ್ಲಿ ಗಾಳಿ ಕಾಣುವುದಿಲ್ಲ, ಮೋಡ ಕಾಣುತ್ತದೆ. ಒಂದು ತುಂಡು ಮೋಡ ಈ ಫೋಟೋದಲ್ಲಿ ಇಲ್ಲಿತ್ತು, ಮುಂದಿನದರಲ್ಲಿ ಅಲ್ಲಿದೆ. ಅಷ್ಟು ಹೊತ್ತಿನಲ್ಲಿ ಅಷ್ಟು ದೂರ ಹೋಗಿದೆಯೆಂದರೆ, ಅದನ್ನು ತಳ್ಳಿದ ಗಾಳಿಯ ವೇಗ ಇಷ್ಟು, ದಿಕ್ಕು ಇದು. ನಡುಸಮುದ್ರದಲ್ಲಿ ಗಾಳಿ ಅಳೆಯುವ ಕಂಬ ಯಾರೂ ನೆಟ್ಟಿಲ್ಲ. ಅಲ್ಲಿಯ ಗಾಳಿಯ ಗತಿಗೆ ಇದೇ ಗತಿ.

ತೊಂದರೆ ಇರುವುದು ಎತ್ತರದಲ್ಲಿ. ಆ ಮೋಡ ಎಷ್ಟು ಮೇಲಿದೆ? ಫೋಟೋ ಮೇಲಿನಿಂದ ತೆಗೆದದ್ದು, ಎತ್ತರ ತಿಳಿಯುವುದಿಲ್ಲ. ಮೋಡ ಎಷ್ಟು ತಣ್ಣಗಿದೆ ಎಂದು ನೋಡಿ ಯಂತ್ರ ಊಹೆ ಮಾಡುತ್ತದೆ. ಮೇಲೆ ಹೋದಷ್ಟೂ ತಣ್ಣಗಾಗುತ್ತದಲ್ಲ, ಆ ಲೆಕ್ಕ. ಆದರೆ ಕೆಲವು ದಿನ ಸಮುದ್ರದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದ ಹಾಗೆ ಕೂತುಬಿಡುತ್ತದೆ. ಆಗ ಒಂದೇ ತಂಪು ಎರಡು ಎತ್ತರದಲ್ಲಿ ಸಿಗುತ್ತದೆ, ಮುಚ್ಚಳದ ಕೆಳಗೊಂದು, ಬಹಳ ಮೇಲೊಂದು. ಯಂತ್ರ ಹಿಂದೆಮುಂದೆ ನೋಡದೆ ಮೇಲಿನದನ್ನೇ ಆರಿಸಿಕೊಳ್ಳುತ್ತದೆ. ಭಾವನ ಮಾತಿನಲ್ಲಿ ಹೇಳುವುದಾದರೆ, "ಎರಡನೇ ಮಹಡಿಯವನ ಕಾಗದ ಆರನೇ ಮಹಡಿಗೆ ಹೋಗುತ್ತೆ. ಆರನೇ ಮಹಡಿಯವನು 'ಇದು ನಂದಲ್ಲ' ಅಂತ ಕಸದ ಬುಟ್ಟಿಗೆ ಹಾಕ್ತಾನೆ."

ಆ ಆರನೇ ಮಹಡಿಯವನೇ ಮಾಡೆಲ್ಲು. ನಾಳೆಯ ಹವೆಯನ್ನು ಲೆಕ್ಕ ಹಾಕುವ ದೊಡ್ಡ ಕಂಪ್ಯೂಟರಿನ ಲೆಕ್ಕಾಚಾರಕ್ಕೆ ಕಚೇರಿಯಲ್ಲಿ ಹಾಗೆ ಹೆಸರು. ಮದುವೆಯಾದ ಹೊಸದರಲ್ಲಿ ಭಾವ ಮನೆಗೆ ಬಂದು, "ಈ ಮಾಡೆಲ್ಲು ನನ್ನ ಮಾತೇ ಕೇಳೋಲ್ಲ" ಎಂದು ಗೊಣಗಿದರೆ, "ಅದಕ್ಕಾದ್ರೂ ಬುದ್ಧಿ ಇದೆ" ಎನ್ನುತ್ತಿದ್ದಳು ಅಕ್ಕ. ಮಾಡೆಲ್ಲಿನ ಹತ್ತಿರ ಆರು ಗಂಟೆ ಹಿಂದಿನ ತನ್ನದೇ ಅಂದಾಜು ಇರುತ್ತದೆ. ಹೊಸದಾಗಿ ಬಂದ ಗಾಳಿ ಆ ಅಂದಾಜಿಗಿಂತ ತೀರಾ ಬೇರೆಯಾಗಿದ್ದರೆ ಅದನ್ನು ನಂಬುವುದಿಲ್ಲ, ತಿರಸ್ಕರಿಸುತ್ತದೆ. ಉಪಗ್ರಹ ಕಣ್ಣಾರೆ ಕಂಡದ್ದನ್ನು ಪೂರ್ವಗ್ರಹ ಒಪ್ಪುವುದಿಲ್ಲ. ಮನುಷ್ಯರೂ ಇದಕ್ಕಿಂತ ಮೇಲಲ್ಲ ಬಿಡಿ.

ಹೀಗೆ ಹೊರಬಿದ್ದ ಗಾಳಿಗಳದ್ದೊಂದು ಪಟ್ಟಿ ದಿನಾ ಮುದ್ರಣವಾಗಿ ಬರುತ್ತಿತ್ತು. ಅದನ್ನು ಓದಿ, ಮೂರು ಗಂಟೆಗೆ ಪ್ರತಿ ಪುಟದ ಕೆಳಗೂ ಒಂದು ಮೊಹರು ಒತ್ತಿ, ಸಹಿ ಹಾಕಿ, ಕಡತಕ್ಕೆ ಸೇರಿಸುವುದು ಭಾವನ ಕೆಲಸ. ಇಪ್ಪತ್ತಾರು ವರ್ಷ ತಿರಸ್ಕಾರಕ್ಕೆ ಸಹಿ ಹಾಕಿದವರು ಅವರು. ನಡುವೆ ಹನ್ನೊಂದು ವರ್ಷ ಸ್ವಂತ ಆಸಕ್ತಿಯಿಂದ ಒಂದು ನೋಟ್‌ಬುಕ್ ಇಟ್ಟಿದ್ದರು. ತಪ್ಪು ಮಹಡಿಗೆ ಹೋದ ಗಾಳಿಗಳನ್ನು ಕೈಯಿಂದಲೇ ಕೆಳಗಿಳಿಸಿ, ಆಮೇಲೆ ಹಡಗುಗಳಿಂದ ಬಂದ ವರದಿಯ ಜೊತೆ ಹೋಲಿಸಿ ನೋಡುವುದು. ಹತ್ತರಲ್ಲಿ ಏಳು ಸಲ ಭಾವ ಸರಿ, ಮಾಡೆಲ್ಲು ತಪ್ಪು. ಇದನ್ನು ಅವರು ಹೇಳಿಕೊಂಡದ್ದು ನನ್ನೊಬ್ಬನ ಹತ್ತಿರ, ಅದೂ ನಾನು ಟಿ.ವಿ. ನೋಡುತ್ತಿದ್ದಾಗ.

ತಿರಸ್ಕೃತ ಗಾಳಿಯನ್ನು ವಾಪಸ್ ಸೇರಿಸಲು ದಾರಿಯೇ ಇರಲಿಲ್ಲ ಅಂತಲ್ಲ. ಒಂದು ಹಳದಿ ಫಾರಂ ಇತ್ತು. ಅದರಲ್ಲಿ ಗಾಳಿ ಯಾವುದು, ಯಾವ ಎತ್ತರಕ್ಕೆ ಹೋಗಬೇಕು, ಯಾಕೆ ಎಂದು ಬರೆದು, ಬರೆದವರ ಸಹಿ ಒಂದು, ಮುಖ್ಯಸ್ಥರ ಸಹಿ ಒಂದು ಬಿದ್ದು, ಮಧ್ಯಾಹ್ನ ಒಂದೂವರೆಯೊಳಗೆ ಯಂತ್ರದ ಕೋಣೆಗೆ ಮುಟ್ಟಿದರೆ ಮಾಡೆಲ್ಲು ಬಾಯಿ ಮುಚ್ಚಿಕೊಂಡು ನುಂಗಬೇಕು. ಮುಖ್ಯಸ್ಥರನ್ನು ನಾವು ಮನೆಯಲ್ಲಿ 'ಸರಾಸರಿ ಸಾಹೇಬರು' ಅನ್ನುತ್ತಿದ್ದೆವು. ಭಾವ ಏನೇ ಹೇಳಿದರೂ ಅವರು "ಸರಾಸರಿ ಎಷ್ಟು ಸುಧಾರಿಸುತ್ತೆ?" ಎಂದು ಕೇಳುತ್ತಿದ್ದರಂತೆ. ಸರಿಯಾ ಎಂದು ಕೇಳದೆ ಸರಾಸರಿ ಕೇಳುವವರು.

ಎಲ್ಲ ಮುಗಿದುಹೋದ ಆ ವರ್ಷ, ಬೇಸಿಗೆಯ ಕೊನೆಯಲ್ಲಿ ಭಾವ ಒಂದು ಹಳದಿ ಫಾರಂ ಕೊಟ್ಟು ಗಾಳಿ ಸೇರಿಸಿದರು. ಮಾಡೆಲ್ಲು ಬೆಚ್ಚಿಬಿದ್ದು ಬಿರುಗಾಳಿ ಎಂದಿತು, ಬಂದರಿಗೆ ಎಚ್ಚರಿಕೆ ಹೋಯಿತು. ಬಂದರಿನವರು ಇಡೀ ದಿನ ಕೆಲಸ ನಿಲ್ಲಿಸಿ ಕೂತರು. ಗಾಳಿ ಅರವತ್ತು ಕಿಲೋಮೀಟರ್ ಆಚೆಯಿಂದಲೇ ಹಾದುಹೋಯಿತು, ದಡದಲ್ಲಿ ಒಂದು ಕರ್ಚೀಫೂ ಅಲ್ಲಾಡಲಿಲ್ಲ. ಬಂದರಿನಿಂದ ಖಾರವಾದ ಕಾಗದ ಬಂತು. ಕ್ಯಾಂಟೀನಿನಲ್ಲಿ ಭಾವ ಕಾಣಿಸಿದರೆ ಸಹೋದ್ಯೋಗಿಗಳು, "ಏನ್ರೀ, ಛತ್ರಿ ಮಡಚಬಹುದಾ?" ಎಂದು ಕೇಳತೊಡಗಿದರು. ಭಾವ ನಗುತ್ತಿದ್ದರು. ಮನೆಗೆ ಬಂದು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದರು.

ಈಗ ಕ್ರೇನಿನ ಕತೆ. ಭಾವನಿಗೆ ಒಬ್ಬನೇ ತಮ್ಮ. ಬಂದರಿನಲ್ಲಿ ಹಡಗಿನಿಂದ ಪೆಟ್ಟಿಗೆ ಇಳಿಸುವ ದೊಡ್ಡ ಕ್ರೇನಿನ ಆಪರೇಟರ್. ಹತ್ತು ಮಹಡಿ ಎತ್ತರದ ಗಾಜಿನ ಗೂಡಿನಲ್ಲಿ ಕೂತು, ಎರಡು ಕಾಲಿನ ನಡುವೆ ಕೆಳಗೆ ನೋಡುತ್ತಾ ಕೆಲಸ. ಅವನನ್ನು ನಾವೆಲ್ಲ 'ಕ್ರೇನು' ಎಂದೇ ಕರೆಯುತ್ತಿದ್ದೆವು. ತಂದೆ ಬೇಗ ಹೋದದ್ದರಿಂದ ಅವನನ್ನು ಓದಿಸಿದ್ದು, ಆಪರೇಟರ್ ಪರೀಕ್ಷೆಗೆ ಕಟ್ಟಿಸಿದ್ದು, ಲೈಸೆನ್ಸ್ ಬಂದ ದಿನ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿಕೊಟ್ಟದ್ದು ಎಲ್ಲ ಭಾವನೇ. ಕ್ರೇನಿಗೆ ಅದು ಬರೀ ಉದ್ಯೋಗ ಅಲ್ಲ. "ಅತ್ತಿಗೆ, ಮೇಲೆ ಕೂತರೆ ನಮ್ಮ ಮ್ಯಾನೇಜರೂ ಇರುವೆ ಥರ ಕಾಣ್ತಾನೆ. ಈ ಸುಖ ಯಾವ ಕೆಲಸದಲ್ಲಿದೆ ಹೇಳಿ" ಎನ್ನುತ್ತಿದ್ದ.

ಕೆಲಸಕ್ಕೆ ಹೋಗುವ ಮುಂಚೆ ದಿನಾ ಅಣ್ಣನಿಗೆ ಫೋನು. "ಅಣ್ಣಾ, ಏನಂತೆ ನಿನ್ನ ಗಾಳಿ?"

"ಬುಲೆಟಿನ್ ನೋಡೋ. ನಾನು ಸ್ವಂತವಾಗಿ ಹೇಳೋ ಹಾಗಿಲ್ಲ."

"ಮನೆಯವರಿಗೂ ಹೇಳೋ ಹಾಗಿಲ್ವಾ? ಥೂ, ನಿನ್ನಂಥ ಅಣ್ಣ ಇದ್ದು ನಾನು ಪೇಪರ್ ಓದಬೇಕಾ!"

ಇದು ಇಬ್ಬರಿಗೂ ಬೆಳಗಿನ ಕಾಫಿ ಇದ್ದ ಹಾಗೆ. ನಿಯಮ ಇದ್ದದ್ದು ನಿಜ. ಕಚೇರಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಖಾಸಗಿಯಾಗಿ ಯಾರಿಗೂ ಮುನ್ಸೂಚನೆ ಕೊಡತಕ್ಕದ್ದಲ್ಲ.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪಟ್ಟಿ ಬಂತು. ದಡದಿಂದ ಐನೂರು ಕಿಲೋಮೀಟರ್ ಆಚೆ, ಒಂದೇ ಕಡೆ, ಹದಿನಾಲ್ಕು ಗಾಳಿಗಳು ತಿರಸ್ಕೃತ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗ, ನೇರ ದಡದ ಕಡೆಗೆ. ಯಂತ್ರ ಅವನ್ನು ಎತ್ತರದಲ್ಲಿ ಇಟ್ಟಿತ್ತು, ಮಾಡೆಲ್ಲು ಅಷ್ಟು ಎತ್ತರದಲ್ಲಿ ಅಂಥ ಗಾಳಿ ಇಲ್ಲವೆಂದು ಬಿಸಾಡಿತ್ತು. ಭಾವ ನೋಡಿದ ಕೂಡಲೇ ಗುರುತಿಸಿದರು. ಸಮುದ್ರದ ಮೇಲೆ ಬೆಚ್ಚನೆಯ ಮುಚ್ಚಳ ಕೂತಿದೆ, ಇವು ಕೆಳಗಿನ ಗಾಳಿಗಳು, ಸಂಜೆಗೆ ದಡದಲ್ಲಿರುತ್ತವೆ. ನೋಟ್‌ಬುಕ್ಕಿನಲ್ಲಿ ಹಾಗೆಂದು ಬರೆದಿಟ್ಟರು. ಕೆಳಗೆ ಎರಡು ಗೆರೆ ಎಳೆದರು. ಹಳದಿ ಫಾರಂ ತುಂಬಿದರು.

ಎರಡೂವರೆಗೆ ಹೊರಬಿದ್ದ ಬುಲೆಟಿನ್‌ನಲ್ಲಿ ಮಾತ್ರ ಹಗುರ ಗಾಳಿ, ಗಂಟೆಗೆ ಇಪ್ಪತ್ತು ಕಿಲೋಮೀಟರ್ ಎಂದಿತ್ತು. ಮಧ್ಯಾಹ್ನದ ಪಾಳಿಗೆ ಹತ್ತುವ ಮುಂಚೆ ಕ್ರೇನು ಫೋನ್ ಮಾಡಿದ.

"ಅಣ್ಣಾ, ಸಂಜೆ ಹೇಗೆ?"

ಭಾವ, "ಬುಲೆಟಿನ್‌ನಲ್ಲಿ ಇದೆಯಲ್ಲ" ಅಂದರಂತೆ.

ಬಿರುಗಾಳಿಯ ಎಚ್ಚರಿಕೆ ಬಂದರೆ ಬಂದರಿನಲ್ಲಿ ಕ್ರೇನುಗಳನ್ನು ಹಳಿಗೆ ದಪ್ಪ ಕಬ್ಬಿಣದ ಗೂಟದಿಂದ ಬಿಗಿಯುತ್ತಾರೆ. ಅದಕ್ಕೆ ಒಂದು ಗಂಟೆ ಬೇಕು. ಎಚ್ಚರಿಕೆ ಇಲ್ಲದಿದ್ದರೆ ಬ್ರೇಕೇ ಗತಿ. ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಗಾಳಿ ಬಂತು. ಕಾಲು ಗಂಟೆಯಷ್ಟೇ ಬೀಸಿದ್ದು. ಬ್ರೇಕ್ ಹಾಕಿದ್ದ ಕ್ರೇನು ಹಳಿಯ ಮೇಲೆ ಜಾರಿ, ಜಾರುತ್ತಾ ಓಡಿ, ಪಕ್ಕದ ಕ್ರೇನಿಗೆ ಗುದ್ದಿತು. ನಮ್ಮ ಕ್ರೇನು ಬದುಕಿದ. ಬಲಗಾಲಿನ ಮೂಳೆ ಮೂರು ಕಡೆ ಮುರಿಯಿತು. ಕ್ರೇನಿನ ತುದಿಯಲ್ಲಿದ್ದ ಗಾಳಿ ಅಳೆಯುವ ಬಟ್ಟಲುಗಳು ಕಿತ್ತು ಸಮುದ್ರ ಸೇರಿದವು.

ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬಂದರಿನವರು ಆಪರೇಟರ್ ಬ್ರೇಕ್ ಹಾಕಿರಲಿಲ್ಲ ಎಂದರು. ಇಲ್ಲದಿದ್ದರೆ ಹಗುರ ಗಾಳಿಗೆ ಕ್ರೇನು ಹೇಗೆ ಓಡಿತು? ಕೆಳಗಿದ್ದ ಕೂಲಿಯವರು ಭಾರೀ ಗಾಳಿ ಇತ್ತು ಎಂದರು. "ಭಾರೀ ಅಂದ್ರೆ ಎಷ್ಟು?" ಎಂದರು ಬಂದರಿನವರು. ಅಂಕಿ ಯಾರ ಹತ್ತಿರವೂ ಇರಲಿಲ್ಲ. ಹತ್ತಿರದ ಹವಾಮಾನ ಕಂಬ ಗುಡ್ಡದ ಆಚೆ, ಹದಿನೆಂಟು ಕಿಲೋಮೀಟರ್ ದೂರ. ಹವಾಮಾನ ಕಚೇರಿಯಿಂದ ಆ ಸಂಜೆಯ ಅಧಿಕೃತ ನಕ್ಷೆ ತರಿಸಿದರು. ಆ ನಕ್ಷೆ ಬರೆಯುವುದೂ ಅದೇ ಮಾಡೆಲ್ಲು. ತಾನು ನಂಬದ ಗಾಳಿಯನ್ನು ಅದು ಆಮೇಲೂ ನಂಬಿರಲಿಲ್ಲ. ನಕ್ಷೆಯಲ್ಲಿ ಬಂದರಿನ ಮೇಲೆ ಗಂಟೆಗೆ ಇಪ್ಪತ್ತೆರಡು ಕಿಲೋಮೀಟರ್. ಒಬ್ಬನ ಕಾಲು ಮುರಿದ ಗಾಳಿ ಕಾಗದದ ಮೇಲೆ ಬೀಸಲೇ ಇಲ್ಲ.

ಕ್ರೇನಿನ ಲೈಸೆನ್ಸ್ ಅಮಾನತಾಯಿತು. ಕಾಲು ಕೂಡಿಕೊಂಡರೂ ಮೇಲೆ ಹತ್ತುವ ಹಾಗಿಲ್ಲ, ವಿಚಾರಣೆಯಲ್ಲಿ ತಪ್ಪಿಲ್ಲ ಎಂದಾಗುವ ತನಕ. ಅವನು ಹಾಸಿಗೆಯಲ್ಲಿ ಮಲಗಿ ಒಂದೇ ಮಾತು ಹೇಳುತ್ತಿದ್ದ: "ಅಣ್ಣನ ನೋಟ್‌ಬುಕ್ಕಲ್ಲಿ ಇದೆ. ಅಣ್ಣ ಬಂದು ಹೇಳಿದರೆ ಆಯ್ತು."

ಮನೆಯಲ್ಲಿ ನಾವೆಲ್ಲ ಸೇರಿ ಅಪರಾಧಿಯನ್ನು ಹುಡುಕಿಬಿಟ್ಟಿದ್ದೆವು. ಭಾವ ಫಾರಂ ತುಂಬಿದ್ದರು, ಗಾಳಿ ಸೇರಲಿಲ್ಲ. ಅಂದರೆ? "ಆ ಸರಾಸರಿ ಮನುಷ್ಯ ಸಹಿ ಹಾಕಲಿಲ್ಲ" ಎಂದು ಅಕ್ಕ ತೀರ್ಪು ಕೊಟ್ಟಳು. "ಬಂದರಿನವರ ಕಾಗದಕ್ಕೆ ಹೆದರಿದಾನೆ. ಅವನ ಕೈಗೆ..." ಮುಂದಿನದು ಅಚ್ಚಿಗೆ ಯೋಗ್ಯವಲ್ಲ. ಬಂದ ನೆಂಟರಿಗೆಲ್ಲ ಇದೇ ಕತೆ. ನಾನೂ ಉಪ್ಪುಖಾರ ಹಚ್ಚಿ ಹೇಳಿದೆ. ಭಾವ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನೋಟ್‌ಬುಕ್ಕಿಗೆ ಕಂದು ಕಾಗದದ ರಟ್ಟು ಹಾಕುತ್ತಾ ಕೂತಿದ್ದರು. ನಾವು ಅದನ್ನು ದೊಡ್ಡತನ ಅಂದುಕೊಂಡೆವು.

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಕ್ರೇನು ಈಗ ಬಂದರಿನ ಗೇಟಿನಲ್ಲಿ ಕೂತು ಲಾರಿಗಳ ನಂಬರ್ ಬರೆದುಕೊಳ್ಳುತ್ತಾನೆ. ನೆಲಮಟ್ಟದ ಕೆಲಸ. ಮ್ಯಾನೇಜರು ಈಗ ಅವನಿಗೆ ಪೂರ್ತಿ ಸೈಜಿನಲ್ಲಿ ಕಾಣುತ್ತಾರೆ. ಅಣ್ಣನಿಗೆ ಬೆಳಿಗ್ಗೆ ಫೋನ್ ಮಾಡುವುದಿಲ್ಲ.

ವಿಚಾರಣೆ ನಡೆದದ್ದು ಬಂದರಿನ ಕಚೇರಿಯ ಉದ್ದನೆಯ ಕೋಣೆಯಲ್ಲಿ. ಅಧ್ಯಕ್ಷತೆಗೆ ಒಬ್ಬ ನಿವೃತ್ತ ಇಂಜಿನಿಯರ್ ಮೇಡಂ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿನಿಂದ ನೋಡುವವರು. ಒಂದು ಕಡೆ ಬಂದರಿನ ವಕೀಲರು, ಇನ್ನೊಂದು ಕಡೆ ಸರಾಸರಿ ಸಾಹೇಬರು. ಊರುಗೋಲು ಗೋಡೆಗೆ ಒರಗಿಸಿ ಕ್ರೇನು ಹಿಂದಿನ ಬೆಂಚಿನಲ್ಲಿ ಕೂತಿದ್ದ, ಅವನ ಪಕ್ಕ ಅಕ್ಕ ಮತ್ತು ನಾನು.

ಭಾವ ಚೆನ್ನಾಗಿಯೇ ಶುರು ಮಾಡಿದರು. ಹದಿನಾಲ್ಕು ಗಾಳಿ, ಎಂಬತ್ತು ಕಿಲೋಮೀಟರ್, ಮುಚ್ಚಳ, ತಪ್ಪು ಮಹಡಿ. ಮೇಡಂ ಕನ್ನಡಕ ಮೇಲೇರಿಸಿ ಕೇಳಿದರು, ಬರೆದುಕೊಂಡರು. ಅವರಿಗೆ ಅರ್ಥವಾಯಿತು ಎಂದು ನನಗೆ ಖುಷಿಯಾಯಿತು. ಕ್ರೇನು ನನ್ನ ಮೊಣಕೈ ತಿವಿದ.

ಬಂದರಿನ ವಕೀಲರು ಎದ್ದು ಆ ದಿನದ ಪಟ್ಟಿಯನ್ನು ಭಾವನ ಕೈಗೆ ಕೊಟ್ಟರು.

"ಈ ಹದಿನಾಲ್ಕು ಇದರಲ್ಲೇ ಇವೆ ಅಲ್ವಾ?"

"ಹೌದು ಸಾರ್."

"ಕೆಳಗೆ ಸಹಿ ಯಾರದು?"

"ನಂದು."

"ಸಹಿಯ ಮೇಲೆ ಒಂದು ಮೊಹರಿದೆ. ಸ್ವಲ್ಪ ಗಟ್ಟಿಯಾಗಿ ಓದಿ."

ವಕೀಲರೇ ಓದಿದರು. "'ಪರಿಶೀಲಿಸಲಾಗಿದೆ. ತಿರಸ್ಕಾರ ಸರಿಯಾಗಿದೆ.' ಸಮಯ ಮೂರು ಗಂಟೆ."

"ಅದು ದಿನಾ ಒತ್ತೋದು ಸಾರ್," ಎಂದರು ಭಾವ. "ಅಭ್ಯಾಸ."

"ಅಂದ್ರೆ ಹನ್ನೊಂದಕ್ಕೆ ಬಿರುಗಾಳಿ ಅಂತ ನೋಟ್‌ಬುಕ್ಕಲ್ಲಿ ಬರೆದಿರಿ, ಮೂರಕ್ಕೆ ಅಲ್ಲ ಅಂತ ಸರ್ಕಾರಿ ಕಾಗದದ ಮೇಲೆ ಸಹಿ ಹಾಕಿದಿರಿ. ನಾವು ಯಾವ ನಿಮ್ಮನ್ನ ನಂಬಬೇಕು?"

ಅಕ್ಕ ನನ್ನ ಕಿವಿಯಲ್ಲಿ, "ಫಾರಂ ವಿಷಯ ಹೇಳೋಕೆ ಹೇಳೋ" ಎಂದು ಪಿಸುಗುಟ್ಟಿದಳು. ಹೇಳಬೇಕಾಗಲಿಲ್ಲ. ಭಾವ ಶರ್ಟಿನ ಜೇಬಿನಿಂದ ನಾಲ್ಕು ಮಡಿಕೆಯ ಹಳದಿ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಅಷ್ಟು ತಿಂಗಳೂ ಅದು ಅವರ ಹತ್ತಿರವೇ ಇತ್ತು. ಎರಡು ಸಹಿಯ ಜಾಗ, ಒಂದರಲ್ಲಿ ಭಾವನ ಸಹಿ, ಮುಖ್ಯಸ್ಥರದು ಖಾಲಿ. ಅಕ್ಕ ಸರಾಸರಿ ಸಾಹೇಬರನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಮೇಡಂ ಸಾಹೇಬರ ಕಡೆ ತಿರುಗಿದರು. "ಈ ಫಾರಂಗೆ ನೀವು ಸಹಿ ಹಾಕಲ್ಲ ಅಂದಿರಾ?"

"ಈ ಫಾರಂ ನಾನು ನೋಡ್ತಿರೋದು ಇವತ್ತೇ ಮೇಡಂ," ಎಂದರು ಸಾಹೇಬರು. ದನಿ ಏರಿಸಲಿಲ್ಲ. ಒಂದು ರಿಜಿಸ್ಟರ್ ಮುಂದಕ್ಕೆ ಸರಿಸಿದರು. "ಇವರು ಹನ್ನೊಂದು ವರ್ಷದಲ್ಲಿ ಏಳು ಫಾರಂ ತಂದಿದಾರೆ. ಏಳಕ್ಕೂ ನನ್ನ ಸಹಿ ಇದೆ. ಬೇಸಿಗೆಯಲ್ಲಿ ಎಡವಟ್ಟಾಯ್ತಲ್ಲ, ಅದಕ್ಕೂ. ಬಂದರಿನಿಂದ ಬಂದ ಕಾಗದಕ್ಕೆ ಉತ್ತರ ಬರೆದದ್ದೂ ನಾನೇ, ನನ್ನ ಹೆಸರಿನಲ್ಲೇ. ಗಾಳಿ ವಿಷಯದಲ್ಲಿ ಅವರಿಗೆ ನನಗಿಂತ ಜಾಸ್ತಿ ಗೊತ್ತು. ಸರಾಸರಿ ಎಷ್ಟು ಅಂತ ಕೇಳ್ತೀನಿ, ಅದು ನನ್ನ ಚಟ. ಬೇಡ ಅಂದದ್ದಿಲ್ಲ."

ಮೇಡಂ ರಿಜಿಸ್ಟರಿನ ಪುಟಗಳನ್ನು ಒಂದೊಂದಾಗಿ ತಿರುಗಿಸಿ ಏಳು ಸಹಿಗಳನ್ನೂ ನೋಡಿದರು. ಹಿಂದಿನ ಬೆಂಚಿನಲ್ಲಿ ಕ್ರೇನು ಎದ್ದು ನಿಲ್ಲಲು ಹೋಗಿ, ಊರುಗೋಲು ಸಿಗದೆ ಹಾಗೇ ಕೂತ. ಅಕ್ಕ ಗಂಡನ ಬೆನ್ನನ್ನೇ ನೋಡುತ್ತಿದ್ದಳು. ಆ ಬೆನ್ನು ತಿರುಗಲಿಲ್ಲ.

ಮೇಡಂ ಕನ್ನಡಕ ತೆಗೆದಿಟ್ಟರು. ವಕೀಲರ ಹಾಗೆ ಅಲ್ಲ, ಮನೆಯವರು ಕೇಳುವ ಹಾಗೆ ಕೇಳಿದರು.

"ನೋಡಿ, ನಿಮಗೆ ಖಾತ್ರಿ ಇತ್ತು. ಫಾರಂ ಬರೆದಾಗಿತ್ತು. ಇವರು ಸಹಿ ಹಾಕೋರೇ. ನಿಮ್ಮ ತಮ್ಮ ಅವತ್ತು ಮೇಲೆ ಹತ್ತೋನಿದ್ದ. ಅದನ್ನ ಇವರ ಹತ್ರ ಯಾಕೆ ತಗೊಂಡು ಹೋಗಲಿಲ್ಲ?"

"ಹೋಗಿದ್ದೆ ಮೇಡಂ," ಎಂದರು ಭಾವ. "ಒಂದು ಗಂಟೆಗೆ ಹೋದೆ. ಸಾಹೇಬರು ಊಟಕ್ಕೆ ಹೋಗಿದ್ರು. ಬರಲಿ ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆಮೇಲೆ ನನಗೂ ಹಸಿವಾಯ್ತು."